ಎರಡನೇ ಪಾರ್ಟಿ ರೊಟ್ಟಿ ತಟ್ಟಕೂಡದು

ಶ್ರೀಕಂಠಯ್ಯನವರ ನಿದ್ದೆ ದಿನಾ ಬೆಳಿಗ್ಗೆ ಐದಕ್ಕೆ ಕೊಲೆಯಾಗುತ್ತಿತ್ತು. ಕೊಲೆಗಾರ್ತಿ ಕೆಳಗಿನ ಬಾಡಿಗೆ ಕೋಣೆಯ ಮಾನಮ್ಮ. ಆಯುಧ ಜೋಳದ ರೊಟ್ಟಿ. ಆಕೆ ತಟ್ಟುವ ಟಪ ಟಪ ಸದ್ದು ಗೋಡೆ ಹತ್ತಿ ನೇರ ಮಾಲೀಕರ ದಿಂಬಿಗೆ ಬಂದು ಬಡಿಯುತ್ತಿತ್ತು. ಜೋಗುಪಾಳ್ಯದ ಮನೆ, ಗೋಡೆಯೋ ಅಪ್ಪಳದಷ್ಟು ದಪ್ಪ. (ಕಟ್ಟಿಸುವಾಗ ಇಟ್ಟಿಗೆ ಉಳಿಸಿದ ಜಾಣರೂ ಅವರೇ.)

"ಏಳರ ಮೇಲೆ ತಟ್ಟಮ್ಮ" ಎಂದರೆ ಮಾನಮ್ಮ, "ಆರಕ್ಕ ನಾ ಇಂದಿರಾನಗರದಾಗ ಆಫೀಸ್ ಕಸಾ ಹೊಡೀಬೇಕ್ರಿ. ನಮ್ಮನಿಯವ್ರು ಸೆಂಟ್ರಿಂಗ್ ಕೆಲಸಕ್ಕ ಹೋಗ್ತಾರ. ಬುತ್ತಿ ಏನು ಕಟ್ಲಿ, ನಿಮ್ಮ ನಿದ್ದಿ ಕಟ್ಲೇನು?" ಎಂದಳು.

ಆಗ ಮೊಬೈಲಿನಲ್ಲಿ ಜ್ಞಾನೋದಯವಾಯಿತು. ಬಾಡಿಗೆ ಮನೆ ಮಾಲೀಕರಿಗೆ ಉಪದೇಶ ಮಾಡುವ ಕೋಟುಧಾರಿಯೊಬ್ಬ, "ಬಾಯಿಮಾತು ನಡೆಯಲ್ಲ, ಎಲ್ಲಾ ಸ್ಟಾಂಪ್ ಪೇಪರಿನ ಮೇಲೆ ಬರೆಸಿ" ಎಂದು ಗರ್ಜಿಸುತ್ತಿದ್ದ. ಶ್ರೀಕಂಠಯ್ಯ ಒಂದೇ ಮಧ್ಯಾಹ್ನ ಹದಿನಾಲ್ಕು ಷರತ್ತು ಹೆತ್ತರು. ನೆಂಟರು ಎರಡು ದಿನದ ಮೇಲೆ ಇರಕೂಡದು. ದನಿ ಏರಿಸಕೂಡದು. ಮೊಬೈಲಿನ ಸದ್ದು ಗೋಡೆ ದಾಟಕೂಡದು. ಹದಿನಾಲ್ಕನೆಯದು: ಏಳರ ಮುಂಚೆ ರೊಟ್ಟಿ ತಟ್ಟಕೂಡದು.

"ಸಹಿ ಹಾಕು, ಇಲ್ಲಾ ಕೋಣೆ ಖಾಲಿ ಮಾಡು" ಎಂದು ಮಾನಮ್ಮನ ಗಂಡ ಅಂಬಣ್ಣನನ್ನು ಶಿವಾಜಿನಗರದ ಟೈಪಿಂಗ್ ಅಂಗಡಿಗೆ ಎಳೆದೊಯ್ದರು. ಒಂದು ದಿನದ ಕೂಲಿ ಬಿಟ್ಟು ಅಂಬಣ್ಣ ಬಾಯಿಗೆ ಬೀಗ ಹಾಕಿಕೊಂಡು ಹಿಂದೆ ಹೋದ.

ಅಂಗಡಿಯ ಹಮೀದಾ ತಲೆಯೆತ್ತದೆ ಕೇಳಿದಳು: "ಮನೆ ಯಾರ ಹೆಸ್ರಲ್ಲಿದೆ ಸಾರ್?"

"ನಮ್ಮನೆಯವ್ರದು. ಅಂಬುಜಾ ಅಂತ."

"ಅಲ್ಲಿ ವಾಸ ಇರೋರು?"

"ನಾನೇ ಕಣಮ್ಮ. ಮೂವತ್ತು ವರ್ಷದಿಂದ."

"ಇವ್ರು?"

"ಅಂಬಣ್ಣ. ಸಹಿ ಹಾಕಕ್ಕೆ ಬಂದಿದಾನೆ."

ಹಮೀದಾ ಟಕಟಕ ಬಡಿದಳು. ವಿಮೆ ಆಫೀಸಿನಲ್ಲಿ ಕೂತು ಊರಿಗೆಲ್ಲ "ಓದಿ ಸಹಿ ಹಾಕ್ರಿ" ಎಂದು ಬುದ್ಧಿ ಹೇಳಿ ನಿವೃತ್ತರಾದ ಶ್ರೀಕಂಠಯ್ಯ, ಅವಳು ಬೆರಳಿಟ್ಟ ಕಡೆಯಲ್ಲೆಲ್ಲ ಓದದೆ ಸಹಿ ಜಡಿದರು.

ಮನೆಯಲ್ಲಿ ಅಂಬುಜಾ ಮಾತ್ರ ಏನನ್ನೋ ಅಗಿಯುತ್ತಾ ಮೊದಲ ಸಾಲಿನಿಂದ ಕಡೆಯವರೆಗೆ ಓದಿದರು. ನಕ್ಕರು. ಸಹಿ ಹಾಕಿದರು.

ಮರುದಿನ ಐದಕ್ಕೆ ಟಪ ಟಪ. ಶ್ರೀಕಂಠಯ್ಯ ಕಾಗದ ಹಿಡಿದು ಕೆಳಗೆ ಧಾವಿಸಿದರು. "ಓದು, ಹದಿನಾಲ್ಕನೇದು ಓದು."

ಮಾನಮ್ಮ ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು ಮೊದಲ ಪುಟದಿಂದಲೇ ಶುರು ಮಾಡಿದಳು. "ಒಂದನೇ ಪಾರ್ಟಿ, ಮನಿ ಮಾಲಕರು, ಅಂಬುಜಾ. ಎರಡನೇ ಪಾರ್ಟಿ, ಬಾಡಿಗಿದಾರರು, ಶ್ರೀಕಂಠಯ್ಯ. ಸಾಕ್ಷಿ, ಅಂಬಣ್ಣ." ಪುಟ ತಿರುವಿದಳು. "ಎರಡನೇ ಪಾರ್ಟಿ ಏಳರ ಮುಂಚೆ ರೊಟ್ಟಿ ತಟ್ಟಕೂಡದು. ಖರೇ ಅದ ನೋಡ್ರಿ ಸಾಹೇಬ್ರ. ನೀವು ತಟ್ಟಬ್ಯಾಡ್ರಿ."

"ನಾ ಸಾಕ್ಷಿ ಅದೀನ್ರಿ" ಎಂದ ಅಂಬಣ್ಣ. ಹಿಂದಿನ ದಿನ ಹಾಕಿಕೊಂಡ ಬೀಗ ತೆರೆದದ್ದು ಆಗಲೇ.

ಶ್ರೀಕಂಠಯ್ಯ ಮೇಲೆ ಓಡಿದರು. "ಇದು ಟೈಪಿಂಗ್ ತಪ್ಪು ಕಣೇ, ಹರಿದು ಹಾಕು."

"ಸ್ಟಾಂಪ್ ಪೇಪರ್ ರೀ. ಬಾಯಿಮಾತು ನಡೆಯಲ್ಲ ಅಂತ ನೀವೇ ತಾನೇ ಹೇಳಿದ್ದು? ಅಂದಹಾಗೆ, ನಿಮ್ಮ ಅಕ್ಕ ಬಂದು ಒಂಬತ್ತು ದಿನ ಆಯ್ತು. ನೆಂಟರಿಗೆ ಎರಡೇ ದಿನ."

ಅಂದೇ ಅಕ್ಕನಿಗೆ ಬಸ್ಸು ಹತ್ತಿಸಿ ಬಂದ ಎರಡನೇ ಪಾರ್ಟಿ, ಮೊಬೈಲು ಮುಟ್ಟದೆ ಮಲಗಿತು.

ಮತ್ತೆ ಐದು ಗಂಟೆ. ಮತ್ತೆ ಟಪ ಟಪ. ಈ ಸಲ ಸದ್ದು ಕೆಳಗಿನಿಂದಲ್ಲ, ಅವರದೇ ಅಡುಗೆಮನೆಯಿಂದ. ಎದ್ದು ನೋಡಿದರೆ ಕಟ್ಟೆಯ ಮೇಲೆ ಮಾನಮ್ಮನ ಹಿಟ್ಟು, ಪಕ್ಕದಲ್ಲಿ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ತಟ್ಟುತ್ತಿರುವ ಅಂಬುಜಾ. ದಿನಾ ಗಂಡ ಹಲಸೂರು ಕೆರೆಗೆ ವಾಕಿಂಗ್ ಹೋದೊಡನೆ ಕೆಳಗಿನಿಂದ ಬರುತ್ತಿದ್ದ ಎರಡು ರೊಟ್ಟಿ, ಶೇಂಗಾ ಹಿಂಡಿಯ ರುಚಿ ಆಕೆಯ ಕೈಗೂ ಹತ್ತಿತ್ತು.

"ಏನಿದು ಅಂಬುಜಾ?" ಎಂದು ಶ್ರೀಕಂಠಯ್ಯ ಕಿರುಚಿದರು.

ಅಂಬುಜಾ ರೊಟ್ಟಿ ತಿರುವಿ ಹಾಕುತ್ತಾ ಹೇಳಿದರು: "ಮೆಲ್ಲಗೆ ಮಾತಾಡ್ರೀ. ದನಿ ಏರಿಸ್ಕೂಡ್ದು ಅಂತಿದೆ. ಹನ್ನೊಂದು ತಿಂಗಳ ಕರಾರು ಮುಗಿದ್ಮೇಲೆ ನಿಮ್ಮನ್ನ ಮುಂದುವರಿಸ್ಬೇಕೋ ಬೇಡ್ವೋ ಅಂತ ನಾನು ಯೋಚ್ನೆ ಮಾಡ್ಬೇಕಲ್ಲ."