ಹರಾಜಿನಲ್ಲಿ ಬಂದ ಅಂಗಿ

ನನ್ನ ಭಾವನಿಗೊಂದು ಕಾಯಿಲೆಯಿತ್ತು. ನಾವಿದ್ದ ಗಲ್ಫ್ ದೇಶದಲ್ಲಿ, ಸಲ್ಮಾನಿಯಾದ ಅಷ್ಟು ದೊಡ್ಡ ಆಸ್ಪತ್ರೆಯಲ್ಲೂ ಅದಕ್ಕೆ ಮದ್ದಿರಲಿಲ್ಲ. ಎಲ್ಲಾದರೂ ಹರಾಜು ನಡೆದರೆ ಸಾಕು, ಅವರ ಬಲಗೈ ತಾನಾಗಿ ಮೇಲೇಳುತ್ತಿತ್ತು! ಸಿತ್ರಾದ ಕಾರ್ಖಾನೆಯಲ್ಲಿ ಅವರು ಗಂಭೀರ ಇಂಜಿನಿಯರು. ಗುಫೂಲಿನ ಮನೆಯಲ್ಲಿ ಮಾತ್ರ, ಹರಾಜಿನಲ್ಲಿ ತಂದ ಕ್ಷೌರದ ಕುರ್ಚಿಯಲ್ಲಿ ಒರಗಿ ಕಾಫಿ ಕುಡಿಯುವ ಆಸಾಮಿ. ಅಕ್ಕ ಅದಕ್ಕೂ ಒಗ್ಗಿಹೋಗಿದ್ದಳು. ಒಗ್ಗದೆ ಏನು ಮಾಡಿಯಾಳು?

ನಾನು ಕೆಲಸ ಸಿಕ್ಕಿ ಅವರ ಜೊತೆಗಿದ್ದ ಕಾಲ. ಒಂದು ಶುಕ್ರವಾರ ಮಧ್ಯಾಹ್ನ ಹೋಟೆಲೊಂದರಲ್ಲಿ ಆಫ್ರಿಕಾದ ಕಲಾಕೃತಿಗಳ ಹರಾಜಿಗೆ ನನ್ನನ್ನೂ ಎಳೆದುಕೊಂಡು ಹೋದರು. ದಕ್ಷಿಣ ಆಫ್ರಿಕಾದ ಕಲಾವಿದೆಯೊಬ್ಬಳ ಮಿಶ್ರಮಾಧ್ಯಮದ ಕೃತಿಯನ್ನು ಇಬ್ಬರು ಹೊತ್ತು ತಂದರು. ಬಾಗಿಲಿನಷ್ಟೆತ್ತರದ ಹಲಗೆ, ಅದರ ಮೇಲೆ ಬಣ್ಣ, ತಂತಿ, ಗಣಿಯ ಮಣ್ಣು, ನಡುವೆ ಒಂದು ನಿಜವಾದ ಅಂಗಿ. ಕಾಲರಿನ ಮೇಲೆ ಮುಖವಿರಬೇಕಾದಲ್ಲಿ ಬರೀ ಮಸಿ. ಅಂಗಿ ಕಲಾವಿದೆಯ ತಂದೆ ಮನೆಯಲ್ಲಿ ಬಿಟ್ಟುಹೋದದ್ದಂತೆ. ಗಣಿಗಿಳಿದವನು ಮೇಲೆ ಬರಲೇ ಇಲ್ಲವೆಂದು ಹರಾಜಿನ ಪುಸ್ತಿಕೆಯಲ್ಲಿ ಬರೆದಿತ್ತು. ಸಭೆ ತಣ್ಣಗಾಯಿತು. ಭಾವನ ಕೈ ಮೇಲೆದ್ದಿತು. ಹರಾಜು ಕೂಗುವವನು ಬೇರೆ ಕೈಗಳಿಗಾಗಿ ಕಾದು, ಕೊನೆಗೆ ಭಾವನನ್ನೇ ಕನಿಕರದಿಂದ ನೋಡಿ ಸುತ್ತಿಗೆ ಬಡಿದ.

ಅದು ನಮ್ಮ ಹಾಲ್‌ನ ಗೋಡೆಗೇರಿತು. ಅಂದಿನಿಂದ ನೆಂಟರ ಕಾಟ ತಪ್ಪಿತೆನ್ನಿ! ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಕ್ಕನ ಗೆಳತಿ ಅರ್ಧ ಲೋಟ ಚಹಾ ಬಿಟ್ಟು ಎದ್ದಳು. ದಿನಾ ಸತ್ತವರನ್ನು ನೋಡುವವಳು ನೀನು, ನಿನಗೂ ಹೆದರಿಕೆಯಾ ಎಂದು ಅಕ್ಕ ಕೇಳಿದಳು.

“ನಾನು ಅವರನ್ನು ನೋಡುವುದು ಮಾರಾಯ್ತಿ. ಅವರು ನನ್ನನ್ನು ನೋಡುವುದಿಲ್ಲ.”

ನಾವು ನಕ್ಕೆವು. ಆ ಜುಲೈಯಲ್ಲಿ ಒಂದು ಹಗಲು ಕರೆಂಟು ಹೋಯಿತು. ಎಸಿ ನಿಂತಿತು, ಕಿಟಕಿಗಳೆಲ್ಲ ಮುಚ್ಚಿದ್ದವು. ಉಸಿರುಕಟ್ಟುವ ಆ ಹಾಲ್‌ನಲ್ಲಿ ಅಂಗಿಯ ಎದೆ ಮಾತ್ರ ಮೆಲ್ಲಗೆ ಉಬ್ಬಿ, ಮೆಲ್ಲಗೆ ಇಳಿಯಿತು. ನಾನು ನೋಡಿದೆ. ಅಕ್ಕನೂ ನೋಡಿದಳು. ಸೆಕೆಗೆ ಬಟ್ಟೆ ಹಿಗ್ಗುವುದರ ಬಗ್ಗೆ ಭಾವ ಏನೋ ಭೌತಶಾಸ್ತ್ರ ಹೇಳಿದರು. ಹೇಳುವಾಗ ಅವರ ಧ್ವನಿ ಪಿಸುಮಾತಾಗಿತ್ತು.

ಮುಂದಿನ ತಿಂಗಳು ಉಡುಪಿಯಿಂದ ಭಾವನ ಅಮ್ಮ ಬಂದರು. ಬಿಪಿ ಇರುವ ಮುದುಕಿ ಹೆದರಿಯಾರೆಂದು ಅಕ್ಕ ಮೊದಲೇ ಹಲಗೆಗೊಂದು ಬೆಡ್‌ಶೀಟು ಹೊದೆಸಿ ನಾಲ್ಕು ಕಡೆ ಪಿನ್ನು ಹಾಕಿದ್ದಳು. ಮೂರನೆಯ ದಿನ ಊಟ ಮುಗಿಸಿ ನಾವು ಅಡುಗೆಮನೆಯಲ್ಲಿದ್ದಾಗ ಹಾಲ್‌ನಲ್ಲಿ ಯಾರೋ ಮಾತನಾಡುವುದು ಕೇಳಿಸಿತು. ಓಡಿ ಬಂದೆವು. ಬೆಡ್‌ಶೀಟು ನೆಲದ ಮೇಲಿತ್ತು. ಅಮ್ಮ ಆ ಮುಖವಿಲ್ಲದ ಅಂಗಿಯೆದುರು ನಿಂತು ಅದರ ಕೊರಳ ಗುಂಡಿ ಹಾಕುತ್ತಿದ್ದರು.

ಭಾವನಿಗೆ ಏಳು ವರ್ಷವಾಗಿದ್ದಾಗ ಅವರ ತಂದೆ ಮೀನಿನ ಬೋಟಿನಲ್ಲಿ ಹೋದವರು. ಬೋಟೂ ಸಿಗಲಿಲ್ಲ, ದೇಹವೂ ಸಿಗಲಿಲ್ಲ. ಇದನ್ನು ಭಾವ ನನ್ನೆದುರು ಒಮ್ಮೆಯೂ ಆಡಿರಲಿಲ್ಲ. ಅಕ್ಕ ಆಮೇಲೆ ಹೇಳಿದ್ದು.

“ಕೊರಳು ಬಿಟ್ಟುಕೊಂಡೇ ಹೋದದ್ದು,” ಅಮ್ಮ ನಮ್ಮತ್ತ ತಿರುಗದೆ ಹೇಳಿದರು. “ಗಾಳಿ ಉಂಟು, ಗುಂಡಿ ಹಾಕಿ ಅಂತ ಹೇಳ್ಲಿಕ್ಕೆ ನಾನು ಹೊರಗೆ ಬರುವಷ್ಟರಲ್ಲಿ ಬೋಟು ಹೊರಟಾಗಿತ್ತು.”

ಭಾವ ಹೋಗಿ ಅವರ ಪಕ್ಕ ನಿಂತರು.

“ತೋಳಿಗೂ ಗುಂಡಿ ಉಂಟಮ್ಮ,” ಎಂದರು.

ಅಮ್ಮ ಅದನ್ನೂ ಹಾಕಿದರು.