ಚಂಡಮಾರುತ ತಿರುಗಿ ಹೋದರೂ ಭಾವ ಹೋಗದಿರುವ ಬಗ್ಗೆ

ಇಂದ,
ಲಾಂಡ್ರಿಯವನು,
ನೀರಿನ ಟ್ಯಾಂಕಿನ ಹಿಂದಿನ ತಾರಸಿ ಮನೆ.

ಗೆ,
ಚಂಡಮಾರುತ ಮುನ್ಸೂಚನೆಯ ಮುಖ್ಯ ಅಧಿಕಾರಿಗಳು,
ಹವಾಮಾನ ಕಚೇರಿ.

ವಿಷಯ: ತಮ್ಮ ಎಚ್ಚರಿಕೆ ಕೇಳಿ ಬಂದವರನ್ನು ತಾವೇ ವಾಪಸು ಕರೆಸಿಕೊಳ್ಳುವ ಕುರಿತು.

ಉಲ್ಲೇಖ: ‘ತಗ್ಗಿನಲ್ಲಿರುವವರು ಗಟ್ಟಿ ಕಟ್ಟಡಗಳಿಗೆ ತೆರಳಬೇಕು’ ಎಂದು ತಾವು ರೇಡಿಯೊದಲ್ಲಿ ಹೇಳಿದ್ದು.

ಮಾನ್ಯರೇ,

೧. ಈ ಸಲದ ಮೊದಲ ಚಂಡಮಾರುತದ ಸುದ್ದಿ ಕಿವಿಗೆ ಬಿದ್ದದ್ದೇ ತಡ, ನನ್ನ ಹೆಂಡತಿಯ ಅಣ್ಣ, ಅಂದರೆ ನಮ್ಮ ಭಾವ, ಹಾಸಿಗೆ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ. ಭಾವ ಗಾಳಿಗೂ ಮೊದಲೇ ತೂರಿಕೊಂಡರು.

೨. ಬಂದವರೇ ನನ್ನ ಇಸ್ತ್ರಿ ಮೇಜಿನ ಹಲಗೆ ಕಿತ್ತು ಕಿಟಕಿಗೆ ಮೊಳೆ ಹೊಡೆದರು. ತಾರಸಿಯ ಮೇಲೆ ಬಟ್ಟೆ ಒಣಹಾಕುವ ಹಗ್ಗಗಳನ್ನೆಲ್ಲ ಬಿಚ್ಚಿ ನೀರಿನ ಡ್ರಮ್ಮು ಕಟ್ಟಿದರು. ಚಂಡಮಾರುತ ಸಮುದ್ರದಲ್ಲೇ ಬೇರೆ ಕಡೆ ತಿರುಗಿತು. “ನೋಡಿದ್ರಾ? ನಮ್ಮ ತಯಾರಿ ನೋಡಿ ಹೆದರಿ ಓಡಿಹೋಯ್ತು!” ಎಂದರು.

೩. ಆಮೇಲೆ ತಾವು ಇನ್ನೊಂದು, ಮತ್ತೊಂದು ಎನ್ನುತ್ತಲೇ ಬಂದಿರಿ. ತಾವಿಟ್ಟ ಹೆಸರುಗಳು ನಾಲಿಗೆಗೆ ಹತ್ತದ ಕಾರಣ ಮನೆಯಲ್ಲಿ ಅವನ್ನು ದೊಡ್ಡೋನು, ನಡುವಿನೋನು, ಚಿಕ್ಕೋನು ಎನ್ನುತ್ತೇವೆ. ಅವರಲ್ಲಿ ಒಬ್ಬನೂ ಬರಲಿಲ್ಲ. ಬಂದವರು ಭಾವ ಒಬ್ಬರೇ.

೪. ಹಲಗೆ ಇಲ್ಲದ ಕಾರಣ ಮಂಚದ ಮೇಲೆ ಇಸ್ತ್ರಿ ಮಾಡುತ್ತಿದ್ದೇನೆ. ಮಂಚದ ಮೇಲೆ ಭಾವ ಮಲಗಿರುತ್ತಾರೆ. ಆದ್ದರಿಂದ ಅವರು ಮಗ್ಗುಲು ಬದಲಿಸಿದಾಗ ಸಿಗುವ ಜಾಗದಲ್ಲಿ ಒಂದೊಂದೇ ತೋಳು ಮುಗಿಸಬೇಕಾಗಿದೆ.

೫. ಭಾವ ಹೊರಡುವುದು ಯಾವಾಗ ಎಂದು ಹೆಂಡತಿಯನ್ನು ಕೇಳಿದೆ. “ನಮ್ಮಣ್ಣ ಸುಮ್ಮನೆ ಬಂದಿದ್ದಾನಾ? ಸರ್ಕಾರ ಹೇಳ್ತು, ಬಂದ. ಹೋಗು ಅಂತಾನೂ ಸರ್ಕಾರಾನೇ ಹೇಳ್ಲಿ” ಎಂದಳು. ಮಾತಿನಲ್ಲಿ ನ್ಯಾಯವಿದೆ. ಕಾರಣ, ಈ ಅರ್ಜಿ.

೬. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಹಗ್ಗಗಳೆಲ್ಲ ಇನ್ನೂ ಡ್ರಮ್ಮಿಗೇ ಇರುವ ಕಾರಣ ಬಟ್ಟೆ ಒಣಗುತ್ತಿರುವುದು ಅಡುಗೆಮನೆಯಲ್ಲಿ. ನಿನ್ನೆ ಆಸ್ಪತ್ರೆಯ ಹಿರಿಯ ನರ್ಸಮ್ಮ ಕೋಟು ಮೂಸಿ, “ಇದನ್ನ ಒಗೆದ್ಯೋ, ಹೂತಿಟ್ಟು ತೆಗೆದ್ಯೋ? ಸೋಮವಾರಾನೂ ಹೀಗೇ ಮುಗ್ಗಲು ವಾಸನೆ ಹೊಡೆದ್ರೆ ಬೇರೆ ಲಾಂಡ್ರಿ ನೋಡ್ಕೋತೀವಪ್ಪಾ” ಎಂದರು. ಆಸ್ಪತ್ರೆಯ ಬಟ್ಟೆ ಕೈತಪ್ಪಿದರೆ ನನ್ನ ಅಂಗಡಿ ಮುಚ್ಚಿದ ಹಾಗೆಯೇ.

೭. ಭಾವ ಕೆಟ್ಟವರಲ್ಲ. ಹಿಂದೊಮ್ಮೆ ಅವರ ಮನೆಯ ತಗಡು ಗಾಳಿಗೆ ಹಾರಿತ್ತು; ಆ ಹೆದರಿಕೆ ಇನ್ನೂ ಇಳಿದಿಲ್ಲ. ಅಂಥವರಿಗೆ ‘ಹೊರಡಿ’ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆದ್ದರಿಂದ ಈ ಅರ್ಜಿಯನ್ನು ಲಕೋಟೆಗೆ ಹಾಕಿ, ಅಂಟಿಸಿ, “ಭಾವ, ಇದು ನೀವೇ ಖುದ್ದಾಗಿ ಕೊಡೋ ಅಂಥದ್ದು” ಎಂದು ಅವರ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ದಾರಿಯಲ್ಲಿ ಗಾಳಿ ಎದ್ದರೆ ಎಂದು ಹಾಸಿಗೆಯನ್ನೂ ಹೊತ್ತು ತರುತ್ತಾರೆ. ತಮ್ಮ ಕಟ್ಟಡ ನಮ್ಮದಕ್ಕಿಂತ ಗಟ್ಟಿ. ಗಾಳಿಯ ಸುದ್ದಿಯೂ ಮೊದಲು ಅಲ್ಲೇ ಸಿಗುತ್ತದೆ. ಕಾರಣ, ಒಂದು ಬೆಂಚು ತೋರಿಸಿ, ಚಂಡಮಾರುತದ ಕಾಲ ಮುಗಿಯುವವರೆಗೆ ಅವರನ್ನು ಅಲ್ಲೇ ಇರಿಸಿಕೊಳ್ಳಬೇಕಾಗಿ ವಿನಂತಿ.

ಅವರು ಬೀದಿಯ ತಿರುವು ದಾಟಿದ ಕೂಡಲೇ ಮೊಳೆ ಕೀಳಲಿರುವ,
ತಮ್ಮ ವಿಶ್ವಾಸಿ,
ಲಾಂಡ್ರಿಯವನು

ಲಗತ್ತುಗಳು:
೧. ಕರವಸ್ತ್ರ, ಒಂದು (ಮೂಸಿ ನೋಡಲು).
೨. ಭಾವ, ಹಾಸಿಗೆ ಸಮೇತ.

ವಿ.ಸೂ.: ಎರಡನೆಯ ಲಗತ್ತನ್ನು ಭಾನುವಾರ ಊಟಕ್ಕೆ ಕಳುಹಿಸಿಕೊಡಬಹುದು. ಹಾಸಿಗೆ ಅಲ್ಲೇ ಇರಲಿ.