ಒಳಗೆ ಬಿಳಿ ಇದ್ದ ನೀಲಿ ಗಂಡು

ಲೋಕದಲ್ಲಿ ಗಂಡಂದಿರು ಕುಡಿದು ಕೆಡುತ್ತಾರೆ, ಇಸ್ಪೀಟಾಡಿ ಕೆಡುತ್ತಾರೆ, ಕೆಲವರು ಪಂಚಾಯತಿ ಚುನಾವಣೆಗೆ ನಿಂತು ಕೆಡುತ್ತಾರೆ. ನಾನು ಮಾತ್ರ ಹಕ್ಕಿಯ ಒಳಗಿದ್ದ, ಕಣ್ಣಿಗೆ ಕಾಣದ ಬಣ್ಣವೊಂದನ್ನು ನಂಬಿ ಕೆಟ್ಟೆ. (ಬಣ್ಣ ಇರಲೇ ಇಲ್ಲ ಎಂದಾಗಿದ್ದರೆ ಮೋಸ ಹೋದೆ ಅಂತ ನಾಲ್ಕು ಜನರ ಮುಂದೆ ಹೇಳಿಕೊಂಡು ಹಗುರಾಗಬಹುದಿತ್ತು. ಬಣ್ಣ ಇತ್ತು. ಅದೇ ದುರಂತ.)

ನಾನು ಮುತ್ತಣ್ಣ, ಗಜೇಂದ್ರಗಡದ ನೇಕಾರ. ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಎರಡು ಕೈಮಗ್ಗ. ಒಂದರ ಮೇಲೆ ನಾನು, ಇನ್ನೊಂದರ ಮೇಲೆ ನನ್ನ ಹೆಂಡತಿ ಅನ್ನಪೂರ್ಣೇಶ್ವರಿ. ಅವಳ ಹೆಸರನ್ನು ಪೂರ್ತಿ ಕರೆಯುವಷ್ಟರಲ್ಲಿ ಅವಳು ಒಂದು ಗೇಣು ಸೀರೆ ನೇಯ್ದು ಮುಗಿಸಿರುತ್ತಾಳೆ. ಆದ್ದರಿಂದ ಅನ್ನಪೂರ್ಣಿ ಎನ್ನುತ್ತೇನೆ.

ಎರಡು ಸಾವಿರದ ಏಳರ ಬೇಸಿಗೆ. ಅನ್ನಪೂರ್ಣಿ ತವರಿಗೆಂದು ಅಸೂಟಿಗೆ ಹೋಗಿದ್ದಳು. ನಾನು ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ ಸ್ವಾತಂತ್ರ್ಯ ಅನುಭವಿಸುತ್ತಿದ್ದೆ. ಆಗ ನರಗುಂದದ ಮಲಿಕಸಾಬರು ಸಿಕ್ಕರು. ಮೊದಲು ಊರೂರು ತಿರುಗಿ ಛತ್ರಿ ರಿಪೇರಿ ಮಾಡುತ್ತಿದ್ದ ಮನುಷ್ಯ. ಈಗ ಕೈಯಲ್ಲಿ ಮೊಬೈಲು, ಬಗಲಲ್ಲಿ ಪಂಜರ. ಪಂಜರದೊಳಗೆ ನಾವು ಲವ್ ಬರ್ಡ್ಸ್ ಎಂದು ಕರೆಯುವ ಪುಟಾಣಿ ಗಿಳಿಗಳು.

"ಮುತ್ತಣ್ಣಾರ, ಹಸರು ಜೋಡಿಗೆ ನೂರು ರೂಪಾಯಿ. ನೀಲಿ ಜೋಡಿಗೆ ನೂರಾ ಐವತ್ತು. ಕೆಂಪು ಕಣ್ಣಿಂದು, ಬೆಳ್ಳನ ಜೋಡಿಗೆ ಎಷ್ಟಂತೀರಿ?"

"ಇನ್ನೂರು?"

"ಎರಡು ಸಾವಿರ!"

ನಾನು ಚಹಾದ ಲೋಟ ಕೆಳಗಿಟ್ಟೆ. ಮಲಿಕಸಾಬರು ದನಿ ತಗ್ಗಿಸಿದರು.

"ಹುಬ್ಬಳ್ಯಾಗ ಇಂಟರ್ನೆಟ್ ಸೆಂಟರಿನ್ಯಾಗ ನಾನ ಕಣ್ಣಾರೆ ನೋಡೀನ್ರಿ. ಅಮೇರಿಕಾದಾಗ ಮಂದಿ ಮನ್ಯಾಗ ಹೆಬ್ಬಾವು ಸಾಕ್ತಾರ. ಬಾಲ್ ಪೈಥಾನ್ ಅಂತ. ಮುಟ್ಟಿದ್ರ ಚೆಂಡಿನಂಗ ಸುತಗೊಂಡು ಕೂಡ್ತದ. ಕಂದು ಹಾವು ಕೇಳಾವ್ರ ಇಲ್ಲ. ಅದ ಹಾವು ಬೆಳ್ಳಗ, ಹಳದಿ ಹುಟ್ಟಿತಂದ್ರ, ಒಂದು ಹಾವಿಗೆ ಒಂದು ಕಾರು!"

"ಹಾವಿಗೆ ಕಾರು ಯಾಕ್ರಿ?"

"ಹಾವಿಗಲ್ರೀ ಮಾರಾಯರ, ಮಾರಿದಾಂವಗ!"

ಹಾವು ಸಾಕುವಷ್ಟು ಧೈರ್ಯ ನನಗಿಲ್ಲ. ಆದರೆ ಹಕ್ಕಿ? ಮಲಿಕಸಾಬರು ಒಂದು ನೀಲಿ ಹಕ್ಕಿಯನ್ನು ಅಂಗೈಯಲ್ಲಿ ಹಿಡಿದು ತೋರಿಸಿದರು.

"ಬೆಳ್ಳನ ಜೋಡಿ ಕೊಳ್ಳೂದು ನಿಮ್ಮ ಕೈಲೆ ಆಗಂಗಿಲ್ಲ. ಈ ಗಂಡು ನೋಡ್ರಿ. ಹೊರಗ ನೀಲಿ, ಒಳಗ ಬಿಳಿ."

"ಒಳಗ ಅಂದ್ರ?"

"ರಕ್ತದಾಗರೀ. ಇದರವ್ವ ಬೆಳ್ಳನಕ್ಕಿ. ಇದಕ್ಕ ಒಂದು ಸಾದಾ ನೀಲಿ ಹೆಣ್ಣು ಜೋಡಿ ಮಾಡ್ರಿ. ನಾಕು ಮರಿಯೊಳಗ ಒಂದು ಬೆಳ್ಳಗ ಹುಟ್ಟಲಿಲ್ಲಂದ್ರ ನನ್ನ ಹೆಸರು ಬದಲ್ ಮಾಡ್ರಿ. ಒಂದು ಗಂಡಿಗೆ ಆರುನೂರು."

ಕಣ್ಣಿಗೆ ಕಾಣುವ ನೀಲಿಗೆ ಎಪ್ಪತ್ತೈದು ರೂಪಾಯಿ, ಕಾಣದ ಬಿಳಿಗೆ ಐದುನೂರಾ ಇಪ್ಪತ್ತೈದು. ಕಂಡದ್ದಕ್ಕಿಂತ ಕಾಣದ್ದೇ ದೊಡ್ಡದು ಎಂಬ ಮಾತು ಪುರಾಣ ಹೇಳುವವರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದ ನನಗೆ ಇದು ವೇದಾಂತದಂತೆ ಕಂಡಿತು. ಆ ವಾರವೇ ನನ್ನ ಮಗ್ಗ ಮಾರಿದೆ. ಅದು ಇದ್ದ ಜಾಗದಲ್ಲಿ ಆರು ಗಂಡು, ಆರು ಹೆಣ್ಣು, ಪಂಜರಗಳು, ಮೊಟ್ಟೆಯಿಡಲು ಮಡಿಕೆಗಳು, ಒಂದು ಚೀಲ ನವಣೆ ಬಂದು ಕುಳಿತವು.

ಅನ್ನಪೂರ್ಣಿ ತವರಿನಿಂದ ಬಂದವಳು ಬಾಗಿಲಲ್ಲೇ ನಿಂತಳು.

"ನಿಮ್ಮ ಮಗ್ಗ ಎಲ್ಲೈತ್ರಿ?"

ನಾನು ಹೆಬ್ಬಾವಿನಿಂದ ಶುರುಮಾಡಿ, ಅಮೇರಿಕಾ ಸುತ್ತಿಸಿ, ನೀಲಿ ಗಂಡಿನವರೆಗೆ ತಂದು ನಿಲ್ಲಿಸಿದೆ. ಅವಳು ಪಂಜರದೊಳಗೆ ಇಣುಕಿದಳು.

"ಒಳಗ ಬಿಳಿ ಐತೆಂತ ಯಾರ್ ನೋಡ್ಯಾರ?"

"ಅದು ಕಾಣಂಗಿಲ್ಲ. ಗಂಡಿನೊಳಗ ಅಷ್ಟ ಅಡಗಿರ್ತದ. ಹೆಣ್ಣಿನೊಳಗ ಮುಚ್ಚಿಟ್ಟದ್ದು ಏನೂ ಇರಂಗಿಲ್ಲ, ಹೊರಗ ಇದ್ದದ್ದ ಒಳಗ ಅಂತ ಮಲಿಕಸಾಬರು ಹೇಳ್ಯಾರ."

"ಅದೊಂದು ಮಾತು ಖರೇ ಹೇಳ್ಯಾನ. ಹೇಣ್ತಿ ಊರಿಗೆ ಹೋದಾಗ ಮಗ್ಗ ಮಾರೂದು ಹೆಂಗಸರ ಬುದ್ಧಿ ಅಲ್ಲ ಬಿಡ್ರಿ."

ಅಂದಿನಿಂದ ಅವಳ ಒಂದು ಮಗ್ಗದ ಮೇಲೆ ಇಬ್ಬರು ಮನುಷ್ಯರು, ಹನ್ನೆರಡು ಹಕ್ಕಿಗಳು ಬದುಕಬೇಕಾಯಿತು. ಪಂಜರ ತೊಳೆದು ಉಳಿದ ಹೊತ್ತಿನಲ್ಲಿ ನಾನು ಅವಳಿಗೆ ಕಂಡಿಕೆ ಸುತ್ತಿಕೊಡುವ ಕೂಲಿಯವನಾದೆ. (ಮೂವತ್ತು ವರ್ಷ ಮಗ್ಗದ ಮೇಲೆ ಕೂತವನು ಕೆಳಗೆ ಕೂತು ನೂಲು ಸುತ್ತುವುದೆಂದರೆ, ಹೆಡ್‌ಮಾಸ್ತರು ಗಂಟೆ ಬಾರಿಸಿದ ಹಾಗೆ.) ಹಕ್ಕಿಗಳೋ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಗಲಾಟೆ. ಮಗ್ಗದ ಸದ್ದೇ ಕೇಳದೆ ಅನ್ನಪೂರ್ಣಿ ಎರಡು ಸಲ ಎಳೆ ತಪ್ಪಿದಳು. ಆ ತಪ್ಪು ಸಹಜವಾಗಿ ನನ್ನದಾಯಿತು.

ಮೊದಲ ಮಡಿಕೆಯಲ್ಲಿ ಐದು ಮರಿ. ಐದೂ ನೀಲಿ. ಎರಡನೆಯದರಲ್ಲಿ ನಾಲ್ಕು. ನಾಲ್ಕೂ ನೀಲಿ. ಅನ್ನಪೂರ್ಣಿ ಅವುಗಳನ್ನು ಓಣಿಯ ಮಕ್ಕಳಿಗೆ ಪುಕ್ಕಟೆ ಹಂಚಿದಳು. ಐದನೆಯ ತಿಂಗಳಲ್ಲಿ ಒಂದು ಮಡಿಕೆಯಿಂದ ಕೆಂಪು ಕಣ್ಣಿನ ಮರಿಯೊಂದು ತಲೆಯೆತ್ತಿತು. ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ.

"ನಮ್ಮ ಮಗಳು ಹುಟ್ಟಿದಾಗ ಸಕ್ಕರಿ ತುಟ್ಟಿ ಐತೆಂತ ಬೆಲ್ಲ ಹಂಚಿದ್ರಿ," ಎಂದಳು ಅನ್ನಪೂರ್ಣಿ. "ಅಲ್ಲರೀ, ಇದರ ಕಣ್ಣು ಬ್ಯಾನಿ ಬಂದಂಗ ಅದಾವಲ್ಲ, ಎರಡು ಸಾವಿರ ಕೊಟ್ಟು ಯಾರ್ ಕೊಳ್ತಾರ ಇದನ್ನ?"

ಆ ಪ್ರಶ್ನೆಯನ್ನು ನಾನು ಮಲಿಕಸಾಬರಿಗೆ ಅವತ್ತೇ ಕೇಳಬೇಕಿತ್ತು. ಕೇಳಲಿಲ್ಲ. ವರ್ಷ ತುಂಬುವಷ್ಟರಲ್ಲಿ ನನ್ನ ಬಳಿ ಎಂಟು ಬಿಳಿ ಹಕ್ಕಿಗಳಾದವು. ಮಲಿಕಸಾಬರಿಗೆ ಫೋನು ಮಾಡಿದೆ. "ನರಗುಂದದಾಗ ಭಾರಿ ಪಾರ್ಟಿ ಐತ್ರಿ. ಹೂವಪ್ಪ ಅಂತ, ಹತ್ತಿ ವ್ಯಾಪಾರಸ್ಥರು. ನಿಮ್ಮ ದಾರಿನ ಕಾಯಾಕತ್ಯಾರ," ಎಂದು ಹೇಳಿ ನೂರು ರೂಪಾಯಿ ದಲಾಲಿ ಮೊದಲೇ ತರಿಸಿಕೊಂಡರು.

ಬುಟ್ಟಿಗೆ ಅನ್ನಪೂರ್ಣಿಯ ಹಳೇ ಸೀರೆ ಮುಚ್ಚಿ, ರೋಣದಲ್ಲಿ ಬಸ್ಸು ಬದಲಿಸಿ, ನರಗುಂದ ಮುಟ್ಟಿದೆ. ಹೂವಪ್ಪನವರು ಅಂಗಳಕ್ಕೇ ಬಂದು ಕೈಹಿಡಿದು ಕರೆದೊಯ್ದರು. ಕಾಲಿಗೆ ನೀರು, ಮಂಡಕ್ಕಿ, ಮಿರ್ಚಿ, ಚಹಾ. ನನ್ನ ಮದುವೆಯಲ್ಲೂ ನನಗೆ ಇಷ್ಟು ಉಪಚಾರ ಆಗಿರಲಿಲ್ಲ.

"ಬುಟ್ಟಿ ತಂದೀರಿ, ಚಲೋ ಆತು," ಎಂದರು ಹೂವಪ್ಪ. "ಈಗ ಎಷ್ಟು ಬೇಕು ಹೇಳಿಬಿಡ್ರಿ."

"ಬೇಕಾಗಿದ್ದು ನಿಮಗ, ನೀವ ಹೇಳ್ಬೇಕ್ರಿ. ನಾ ಎಂಟೂ ಕೊಡಾಕ ತಯಾರ."

"ಕೊಡಾಕ?" ಹೂವಪ್ಪನವರ ಕೈಯ ಬಸಿ ಓರೆಯಾಗಿ ಚಹಾ ಧೋತರದ ಮೇಲೆ ಚೆಲ್ಲಿತು. "ನಾನೂ ಹದಿನಾಕು ಕೊಡಾಕ ತಯಾರ್ ಅದೀನಲ್ರೀ!"

ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಹದಿನಾಲ್ಕು ಬಿಳಿ ಹಕ್ಕಿಗಳು ಇಪ್ಪತ್ತೆಂಟು ಕೆಂಪು ಕಣ್ಣುಗಳಿಂದ ನನ್ನನ್ನು ನೋಡಿದವು. ನನ್ನ ಬುಟ್ಟಿಯೊಳಗಿನವು ಬಳಗ ಸಿಕ್ಕಿತೆಂದು ಕಿರುಚಿದವು.

"ದಲಾಲಿ ನೂರು ಕೊಟ್ರಿ?" ಕೇಳಿದರು ಹೂವಪ್ಪ.

"ಕೊಟ್ಟೆ. ನೀವು?"

"ನಾ ನೂರೈವತ್ತು."

ಒಳಗಿನಿಂದ ಅವರ ಹೆಂಡತಿ ಬಾಳವ್ವನ ದನಿ ಬಂತು: "ಬಂದವರು ತಗೊಳ್ಳಾಕ ಬಂದಾರೋ, ಮಾರಾಕ ಬಂದಾರೋ?" ಮಿರ್ಚಿಯ ತಾಟು ಒಳಗೆ ಹೋಯಿತು.

ಹೂವಪ್ಪನವರು ಕಟ್ಟೆಯ ಮೇಲೆ ಕುಸಿದು ಕುಳಿತರು. "ಮುತ್ತಣ್ಣಾರ, ನಾ ಯಾಕ್ ಕೊಂಡೆ? ಮರಿ ಮಾಡಿ ಮಾರಾಕ. ನೀವು? ನೀವೂ ಅದಕ್ಕ. ಕೊಣ್ಣೂರಾಗ ಎಂಟು ಮನಿಯವ್ರು ಕೊಂಡಾರ, ಅವ್ರೂ ಅದಕ್ಕ. ಈ ಹಕ್ಕಿನ ಸುಮ್ನ ಮನ್ಯಾಗಿಟ್ಟು ನೋಡಿ ಖುಷಿಪಡಾಕಂತ ಕೊಂಡಾಂವ ಈ ಮೂರು ತಾಲೂಕಿನ್ಯಾಗ ಒಬ್ಬನಾದ್ರೂ ಅದಾನೇನ್ರಿ?"

ನಾನು ಎಷ್ಟು ಯೋಚಿಸಿದರೂ ಒಬ್ಬನೂ ನೆನಪಾಗಲಿಲ್ಲ. ಇದ್ದವರೆಂದರೆ ನಮ್ಮ ಓಣಿಯ ಮಕ್ಕಳು. ಅವರಿಗೆ ಅನ್ನಪೂರ್ಣಿ ಪುಕ್ಕಟೆ ಕೊಟ್ಟಾಗಿತ್ತು, ಅದೂ ನೀಲಿ. ಬಿಳಿ ಜೋಡಿಗೆ ಈಗ ನೂರಾ ಐವತ್ತೂ ಬರುವುದಿಲ್ಲ ಎಂದು ಹೂವಪ್ಪ ಹೇಳಿದರು. ನಾನು ಎಂಟು ಹಕ್ಕಿ ಹೊತ್ತು ಹೋದೆ, ಎಂಟು ಹಕ್ಕಿ ಹೊತ್ತು ಬಂದೆ.

ಮನೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈಗುಳಕ್ಕೆ ಬೆನ್ನು ಒಡ್ಡಿ ಕುಳಿತಿದ್ದೆ. ಅನ್ನಪೂರ್ಣಿ ಬೈಯಲಿಲ್ಲ. "ಉಣ್ರಿ," ಎಂದಳು, ಅಷ್ಟೆ. ಅವಳು ಬೈಯದ ದಿನ ನನಗೆ ಊಟ ಸೇರುವುದಿಲ್ಲ. ಮರುದಿನ ನೂಲು ತರುತ್ತೇನೆಂದು ಪೇಟೆಗೆ ಹೋದವಳು ತಾಸು ಬಿಟ್ಟು ಬಂದಳು. ನೂಲು ತಂದಿರಲಿಲ್ಲ. ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅದಾಗಿ ಎರಡು ದಿನಕ್ಕೆ ಮಲಿಕಸಾಬರು ಏದುಸಿರು ಬಿಡುತ್ತ ಮನೆ ಬಾಗಿಲಿಗೆ ಬಂದರು. ಕೈಯಲ್ಲಿ ಮುಚ್ಚಿದ ಬುಟ್ಟಿ.

"ಮುತ್ತಣ್ಣಾರ, ನನ್ನಿಂದ ನಿಮಗ ತ್ರಾಸ ಆತು. ನಿಮ್ಮ ಎಂಟೂ ಬಿಳಿ ನಾನ ಒಯ್ತೀನಿ. ಒಂದಕ್ಕ ಮುನ್ನೂರು. ಲಗೂ ಕೊಡ್ರಿ, ಬಸ್ಸೈತಿ."

ನನ್ನ ಎದೆ ಹಾರಿತು. ಅದರ ಹಿಂದೆಯೇ ಬುದ್ಧಿಯೂ ಹಾರಿತು. ಇಡೀ ಜಿಲ್ಲೆಗೆ ಮಾರುತ್ತ ಬಂದವನು ಇವತ್ತು ಕೊಳ್ಳಲು ಬಂದಿದ್ದಾನೆ ಎಂದರೆ ಒಳಗೆ ಏನೋ ಇದೆ! (ಒಳಗೆ ಏನೋ ಇದೆ ಎನ್ನುವ ರೋಗ ನನ್ನನ್ನು ಇನ್ನೂ ಬಿಟ್ಟಿರಲಿಲ್ಲ.)

"ಖರೇ ಹೇಳ್ರಿ ಮಲಿಕಸಾಬರ. ಯಾರಿಗೆ ಬೇಕಾಗ್ಯಾವ?"

ಅವರು ತಡವರಿಸಿದರು. "ಸೊಲ್ಲಾಪುರದ ಸೇಠ ಒಬ್ಬಾಂವ ಫೋನ್ ಮಾಡಿದ್ದ. ಐವತ್ತು ಬಿಳಿ ಬೇಕಂತ."

ಒಳಬಾಗಿಲ ಪರದೆಯ ಹಿಂದೆ ಅನ್ನಪೂರ್ಣಿ ಕೆಮ್ಮಿದಳು. ಹೆಚ್ಚು ಕೇಳ್ರಿ ಎನ್ನುತ್ತಿದ್ದಾಳೆ ಎಂದುಕೊಂಡೆ.

"ಎಂಟುನೂರು," ಎಂದೆ.

"ನಾಕನೂರು ಕೊಡ್ತೀನ್ರಿ!"

ಕೆಮ್ಮು ಜೋರಾಯಿತು. ಪರದೆ ಅಲ್ಲಾಡಿತು. ಇಷ್ಟು ವರ್ಷದ ದಾಂಪತ್ಯದಲ್ಲಿ ಮೊದಲ ಸಲ ಹೆಂಡತಿ ನನ್ನ ವ್ಯಾಪಾರಕ್ಕೆ ಬೆನ್ನಿಗೆ ನಿಂತಿದ್ದಾಳೆಂದು ನನಗೆ ಕಣ್ಣೀರೇ ಬಂತು.

"ಎಂಟುನೂರಿಗೆ ಒಂದು ಪೈಸೆ ಕಡಿಮಿ ಇಲ್ಲ. ಬೇಕಾದ್ರ ನಿಮ್ಮ ಸೇಠಗ ನನ್ನ ಮನಿಗೇ ಬರಾಕ ಹೇಳ್ರಿ!"

ಮಲಿಕಸಾಬರು ಬುಟ್ಟಿ ಎತ್ತಿಕೊಂಡು ಸಿಟ್ಟಿನಿಂದ ಹೋದರು. ನಾನು ಮೀಸೆಯ ಮೇಲೆ ಕೈಯಾಡಿಸುತ್ತ ಒಳಗೆ ಹೋದೆ. ಅನ್ನಪೂರ್ಣಿ ನೆಲದ ಮೇಲೆ ತಲೆ ಹಿಡಿದು ಕುಳಿತಿದ್ದಳು.

"ಹ್ಯಾಂಗಿತ್ತು?" ಎಂದೆ.

"ಕೆಮ್ಮಿ ಕೆಮ್ಮಿ ಗಂಟಲ ಹರದ್ಹೋತು, ಕೊಟ್ಟು ಕಳಸ್ರಿ ಅಂತ ತಿಳೀಲಿಲ್ಲೇನ್ರಿ ನಿಮಗ?"

"ಹುಚ್ಚಿ, ಸೊಲ್ಲಾಪುರದ ಸೇಠ..."

"ಎಲ್ಲಿ ಸೇಠ? ನಮ್ಮಣ್ಣ ಲಕ್ಷ್ಮಪ್ಪ ಸೊಲ್ಲಾಪುರದಾಗ ಮಗ್ಗದ ಕೆಲಸಕ್ಕ ಅದಾನಲ್ಲ, ಅವಗ ಫೋನ್ ಹಚ್ಚಿ ನಾನ ಹೇಳಿದ್ದೆ, ಸೇಠ ಆಗಿ ಮಾತಾಡು ಅಂತ. ಆ ಮನಿಷಾ ನಮಗ ಮಾಡಿದ್ದನ್ನ ಅವಗ ತಿರುಗಿ ಮಾಡೂದಿತ್ತು. ಎಂಟಕ್ಕ ಮೂರು ಸಾವಿರದ ಇನ್ನೂರು ಬಾಗಲದಾಗ ಬಂದು ನಿಂತಿತ್ತು. ನೀವು ದಬ್ಬಿ ಕಳಿಸಿದ್ರಿ."

ನಾನು ಚಪ್ಪಲಿ ಹಾಕದೆ ಓಡಿದೆ. ಎಂಟೂ ಹಕ್ಕಿ ತುಂಬಿದ ಬುಟ್ಟಿಯನ್ನು ಮಾತ್ರ ಮರೆಯಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮಲಿಕಸಾಬರು ಮೊಬೈಲು ಕಿವಿಗಿಟ್ಟುಕೊಂಡು ನಿಂತಿದ್ದರು. ಅವರ ಮುಖದ ಬಣ್ಣ ನನ್ನ ಹಕ್ಕಿಗಳದ್ದಾಗಿತ್ತು.

"ನಾಕನೂರಲ್ಲ, ಮುನ್ನೂರಕ್ಕ ಕೊಡ್ತೀನ್ರಿ ಮಲಿಕಸಾಬರ," ಎಂದೆ. "ಇನ್ನೂರಾದ್ರೂ ಕೊಡ್ರಿ."

ಅವರು ನಿಧಾನವಾಗಿ ಫೋನು ಕೆಳಗಿಳಿಸಿದರು. "ಸೇಠನ ನಂಬರಿಗೆ ಫೋನ್ ಹಚ್ಚಿದ್ದೆ. ಅದು ಸೊಲ್ಲಾಪುರದ ಕಿರಾಣಿ ಅಂಗಡಿ ಅಂತ. ಆ ಅಂಗಡಿಯಿಂದ ಮೊನ್ನೆ ನನಗ ಫೋನ್ ಮಾಡಿದಾಂವ ಮಗ್ಗದ ಲಕ್ಷ್ಮಪ್ಪ, ಅವನ ತಂಗಿನ ಗಜೇಂದ್ರಗಡಕ್ಕ ಕೊಟ್ಟೈತಿ, ಗಂಡನ ಹೆಸರು ಮುತ್ತಣ್ಣ ಅಂತ ಅಂಗಡಿಯಾಂವ ಹೇಳಿದ."

ನಾನು ಬರಿಗಾಲನ್ನು ನೋಡಿಕೊಂಡೆ.

"ಬರೂ ದಾರ್ಯಾಗ ರೋಣದಾಗ ಹನ್ನೆರಡು ಬಿಳಿ ಖರೀದಿ ಮಾಡಿ ಕೈಸುಟ್ಟುಕೊಂಡೀನಿ. ಆರ್ಡರು ನಿಮ್ಮ ಮನಿಯಿಂದ ಬಂದದ್ದು. ತಗೋರಿ ನಿಮ್ಮ ಮಾಲು!" ತಮ್ಮ ಬುಟ್ಟಿಯನ್ನು ನನ್ನ ಎದೆಗೊತ್ತಿ, "ರೊಕ್ಕ?" ಎಂದರು. ಸುತ್ತ ಜನ ಸೇರತೊಡಗಿದರು. ಹೆಂಡತಿಯ ಹೆಸರು ಬಸ್ ಸ್ಟ್ಯಾಂಡಿನಲ್ಲಿ ಹೊರಬೀಳುವ ಮೊದಲೇ, ಮದುವೆಯಲ್ಲಿ ಮಾವ ಕಟ್ಟಿದ್ದ ಕೈಗಡಿಯಾರ ಬಿಚ್ಚಿ ಕೊಟ್ಟೆ. ಮಲಿಕಸಾಬರು ಅದನ್ನು ಕಿವಿಗಿಟ್ಟು ಕೇಳಿ, ಕಿಸೆಗಿಳಿಸಿ, ನರಗುಂದದ ಬಸ್ಸು ಹತ್ತಿದರು.

ಎರಡು ಕೈಗೆ ಎರಡು ಬುಟ್ಟಿ ಹಿಡಿದು ಮನೆಗೆ ಬಂದೆ. ಅನ್ನಪೂರ್ಣಿ ಹೊಸ ಬುಟ್ಟಿಯ ಮುಚ್ಚಳ ಎತ್ತಿ ಹನ್ನೆರಡನ್ನೂ ಎಣಿಸಿದಳು. ಆಮೇಲೆ ನನ್ನ ಬರಿ ಮಣಿಕಟ್ಟು ನೋಡಿದಳು.

"ವಾಚು ಎಲ್ಲೈತ್ರಿ?"

"ಏನ್ ಹೇಳ್ಲಿ ಅನ್ನಪೂರ್ಣಿ," ಎಂದೆ. "ನನ್ನ ಟೈಮ ಸರಿ ಇರಲಿಲ್ಲ."